ಗಣಕದ ಕಷ್ಟಸುಖ: ‘ಕಾಯಂ’ ಫೋಲ್ಡರಿನಲ್ಲಿ ಉಳಿದದ್ದು ಒಂದೇ

ಪ್ರಶ್ನೆ: ಮಾನ್ಯರೆ, ನಮ್ಮ ತಂದೆಯವರಿಗೆ ತಾಳಮದ್ದಲೆಯ ಹುಚ್ಚು. ಎಲ್ಲಿ ಕೂಟವಿದ್ದರೂ ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿದ್ದ 110 ಕ್ಯಾಸೆಟ್ಟುಗಳನ್ನು ನಾನೇ ಕೂತು ಕಂಪ್ಯೂಟರಿಗೆ ಇಳಿಸಿದೆ, ಎಲ್ಲವೂ 90 ನಿಮಿಷದವು. ಬೆಂಗಳೂರಿನಲ್ಲಿರುವ ಮಗ ರಜೆಗೆ ಬಂದಾಗ ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ, ಬ್ಯಾಕಪ್ಪಿಗೆಂದೇ 4 ಟಿಬಿಯ ಡಿಸ್ಕ್ ಕೂರಿಸಿ, “ಅಪ್ಪಾ, ಇನ್ನು ಇದೇ ನಮ್ಮನೆ ಸರ್ವರ್. ದಿನಾ ರಾತ್ರಿ ಎರಡು ಗಂಟೆಗೆ ತಾನೇ ಬ್ಯಾಕಪ್ ತಗೊಳ್ಳತ್ತೆ, ಒಂದು ತಿಂಗಳಿಂದು ಇಟ್ಕೊಳ್ಳತ್ತೆ” ಎಂದು ಹೇಳಿ ಹೋದ. ಒಂದೇ ತಿಂಗಳು ಸಾಲದು ಅನಿಸಿ, ಬ್ಯಾಕಪ್ ಫೋಲ್ಡರಿನ ಒಳಗೇ ‘ಕಾಯಂ’ ಎಂದೊಂದು ಫೋಲ್ಡರ್ ಮಾಡಿಕೊಂಡೆ. ಪ್ರತಿ ತಿಂಗಳ ಒಂದನೇ ತಾರೀಖಿನ ಬ್ಯಾಕಪ್ಪನ್ನು ಎಳೆದು ಅದರ ಮೇಲೆ ಬಿಡುತ್ತಿದ್ದೆ. ಹದಿನಾಲ್ಕು ತಿಂಗಳು ಒಂದು ಸಲವೂ ತಪ್ಪಿಸಿಲ್ಲ. ಒಳಗೆ ಹೋಗಿ ನೋಡಿರಲಿಲ್ಲ, ಅಷ್ಟೆ.

ಈ ಮಳೆಗಾಲದಲ್ಲಿ ಬಂದ ಅಳಿಯಂದಿರು ಕ್ಯಾಸೆಟ್ಟಿನ ‘ಸುಂಯ್’ ಸದ್ದು ತೆಗೆದುಕೊಡುತ್ತೇನೆಂದು ಎಲ್ಲ ಫೈಲುಗಳಿಗೂ ನಾಯ್ಸ್ ರಿಡಕ್ಷನ್ ಹಾಕಿ ಅದೇ ಹೆಸರಿನಲ್ಲಿ ಸೇವ್ ಮಾಡಿದರು. ದೀಪಾವಳಿಗೆ ನೆಂಟರು ಬಂದಾಗ ಹಾಕಿ ಕೇಳಿದರೆ ಭಾಗವತರ ಹಿಂದೆ ಶ್ರುತಿಯೇ ಇಲ್ಲ! ಮದ್ದಲೆ ಡಬ್ಬ ಬಡಿದಂತೆ ಕೇಳುತ್ತದೆ. ಹಳೆಯದನ್ನು ತೆಗೆಯೋಣವೆಂದು ‘ಕಾಯಂ’ ತೆರೆದರೆ ಈ ತಿಂಗಳಿನ ಒಂದೇ ಒಂದು ಫೈಲು. ಹೊರಗಿನ ಫೋಲ್ಡರಿನಲ್ಲಿ 30 ಇವೆ, ಎಲ್ಲವೂ ಶ್ರುತಿ ಹೋದ ಮೇಲಿನವು. ಡಿಸ್ಕ್ ಕೆಟ್ಟಿದೆಯೇ? ವೈರಸ್ಸೇ? ಮಗನ ಸ್ಕ್ರಿಪ್ಟನ್ನು ಕಾಗದದಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ.
— ಶಿರಸಿಯ ಓದುಗರೊಬ್ಬರು

ಉತ್ತರ: ಉಳಿದದ್ದನ್ನು ಆಮೇಲೆ ಓದುವಿರಂತೆ. ಮೊದಲು ಎದ್ದು ಹೋಗಿ ಆ ಸರ್ವರ್ ಆರಿಸಿ ಬನ್ನಿ. ಅಳಿಸಿದ ಫೈಲಿನ ಗುರುತು ಡಿಸ್ಕಿನ ಮೇಲೆ ಸ್ವಲ್ಪ ಕಾಲ ಇರುತ್ತದೆ, ಅದರ ಮೇಲೆ ಇನ್ನೊಂದು ಬರೆಯುವ ತನಕ. ನಿಮ್ಮ ಯಂತ್ರ ದಿನಾ ರಾತ್ರಿ ಎರಡು ಗಂಟೆಗೆ ಒಂದು ಭಾರೀ ಕಟ್ಟನ್ನು ಬರೆಯುತ್ತಲೇ ಇದೆ.

ಆರಿಸಿ ಬಂದಿರಾ? ಈಗ ಲೆಕ್ಕ ನೋಡೋಣ. ಹೊರಗೆ 30, ‘ಕಾಯಂ’ ಒಳಗೆ 1, ಒಟ್ಟು 31. ಈ ಸಂಖ್ಯೆ ನೋಡಿದಾಗಲೇ ನನಗೆ ಅರ್ಧ ಉತ್ತರ ಸಿಕ್ಕಿತು. ಕೆಡುವ ಡಿಸ್ಕ್ ಎಣಿಸಿಕೊಂಡು ಕೆಡುವುದಿಲ್ಲ. ಮಧ್ಯದ್ದೊಂದು, ಕೊನೆಯದೊಂದು, ಅರ್ಧಂಬರ್ಧ ಓದುವುದೊಂದು ಎಂದು ಚೆಲ್ಲಾಪಿಲ್ಲಿಯಾಗಿ ಕೆಡುತ್ತದೆ. ವೈರಸ್ಸಿಗೂ ತಾರೀಖಿನ ಶಿಸ್ತಿಲ್ಲ. ಇಷ್ಟು ಅಚ್ಚುಕಟ್ಟಾಗಿ 31 ಉಳಿದಿದೆ ಎಂದರೆ ಯಾರೋ ಹೇಳಿದ್ದನ್ನು ಯಂತ್ರ ಚಾಚೂ ತಪ್ಪದೆ ಮಾಡಿದೆ ಎಂದೇ ಅರ್ಥ.

ನಿಮ್ಮ ಕಾಗದದಲ್ಲಿ ನಾಲ್ಕು ಸಾಲುಗಳಿವೆ. ಮೊದಲನೆಯದು ಇಂದಿನ ತಾರೀಖು ಕೇಳುತ್ತದೆ. ಎರಡನೆಯದು ಧ್ವನಿ ಫೈಲುಗಳಿರುವ ಫೋಲ್ಡರಿಗೆ ಹೋಗುತ್ತದೆ. ಮೂರನೆಯದು ಎಲ್ಲವನ್ನೂ ಸೇರಿಸಿ ಟಾರ್ ಎಂಬ ಒಂದೇ ಮೂಟೆ ಕಟ್ಟಿ, ತಾರೀಖಿನ ಹೆಸರು ಹಚ್ಚಿ ಬ್ಯಾಕಪ್ ಫೋಲ್ಡರಿಗೆ ಹಾಕುತ್ತದೆ. ನಾಲ್ಕನೆಯದನ್ನು ಗಟ್ಟಿಯಾಗಿ ಓದುತ್ತೇನೆ ಕೇಳಿ: ಫೈಂಡ್, ಬ್ಯಾಕಪ್ ಫೋಲ್ಡರಿನ ಹೆಸರು, ‘ಟಾರ್’ ಎಂದು ಮುಗಿಯುವ ಹೆಸರು, ಎಂಟೈಮ್ ಪ್ಲಸ್ 30, ಡಿಲೀಟ್. ಈ ಫೋಲ್ಡರಿನಲ್ಲಿ ಬದಲಾಗಿ 30 ದಿನ ದಾಟಿದ ಮೂಟೆಗಳನ್ನು ಹುಡುಕು, ಅಳಿಸು ಎಂದು ಅದರ ಮಾತು. ‘ದಾಟಿದ’ ಎಂದರೆ 31 ದಿನ ತುಂಬಿದ. ಹಾಗಾಗಿ ಇವತ್ತಿನದು ಸೇರಿ 31 ಉಳಿಯುತ್ತವೆ.

ಫೈಂಡ್ ಎಂಬ ಈ ಆಸಾಮಿಗೆ ಹೊರಜಗಲಿ, ಒಳಮನೆ ಎಂಬ ಭೇದವಿಲ್ಲ. ‘ಇಷ್ಟೇ ಆಳಕ್ಕೆ ಹೋಗು’ ಎಂದು ಹೇಳದಿದ್ದರೆ ಕೊಟ್ಟ ಫೋಲ್ಡರಿನೊಳಗಿನ ಫೋಲ್ಡರು, ಅದರೊಳಗಿನ ಫೋಲ್ಡರು ಎಲ್ಲವನ್ನೂ ಹೊಕ್ಕು ಬರುತ್ತದೆ. ‘ಕಾಯಂ’ ಎಂದು ನೀವು ಬರೆದ ಬೋರ್ಡು ಅದರ ಪಾಲಿಗೆ ಇನ್ನೊಂದು ಬಾಗಿಲು, ಅಷ್ಟೆ. ಫೈಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದು ಹಾಕಿದರೆ ಅದರ ವಯಸ್ಸೇನೂ ಕಡಿಮೆಯಾಗುವುದಿಲ್ಲ, ಬರೆದ ದಿನದ ಮುದ್ರೆ ಹಾಗೇ ಇರುತ್ತದೆ. ನೀವು ಜೋಪಾನ ಮಾಡಿದ ಒಂದೊಂದು ಮೂಟೆಯೂ ಅಲ್ಲಿ ಒಂದು ತಿಂಗಳು ಕೂತು, ಮುಂದಿನ ತಿಂಗಳದ್ದು ಬರುವ ಹೊತ್ತಿಗೆ ಎದ್ದು ಹೋಗಿದೆ. ಹದಿಮೂರು ಸಲ.

ಇನ್ನೊಂದು ಸುಳಿವು ನಿಮ್ಮ ಕಣ್ಣೆದುರೇ ಇತ್ತು. ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ, ಇದು ಎಲ್ಲ ಓದುಗರಿಗೂ ಬೇಕಾದ ಲೆಕ್ಕ. ಸೀಡಿ ಗುಣಮಟ್ಟದ ವೇವ್ ಫೈಲು ನಿಮಿಷಕ್ಕೆ ಹತ್ತು ಎಂಬಿಗಿಂತ ಸ್ವಲ್ಪ ಹೆಚ್ಚು. 90 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 950 ಎಂಬಿ. 110 ಕ್ಯಾಸೆಟ್ಟಿಗೆ ಹತ್ತಿರ ಹತ್ತಿರ 105 ಜಿಬಿ. ಅಂಥ 31 ಮೂಟೆ ಎಂದರೆ 3,255 ಜಿಬಿ. 4 ಟಿಬಿ ಡಿಸ್ಕಿನಲ್ಲಿ ಉಳಿಯುವ ಜಾಗಕ್ಕೆ ತಿಂಗಳಿಗೊಂದರಂತೆ ಹೆಚ್ಚುವರಿ ಮೂಟೆ ಸೇರುತ್ತ ಹೋದರೆ ಹೆಚ್ಚೆಂದರೆ ಏಳೆಂಟು ತಿಂಗಳಿಗೆ ಡಿಸ್ಕ್ ತುಂಬಿ ಬೊಬ್ಬೆ ಹೊಡೆಯಬೇಕಿತ್ತು. ನಿಮ್ಮದು ಹದಿನಾಲ್ಕು ತಿಂಗಳಾದರೂ ತುಂಬಲಿಲ್ಲ. ಅಡಕೆ ತುಂಬುತ್ತಲೇ ಇದ್ದು ಚೀಲ ತುಂಬದೇ ಇದ್ದರೆ ನೀವು ಮೊದಲು ಏನು ನೋಡುತ್ತೀರಿ? ತಳದಲ್ಲಿ ತೂತಿದೆಯೇ ಎಂದು ತಾನೆ?

ಮಗನನ್ನು ದೂರಬೇಡಿ. ಒಂದು ತಿಂಗಳದ್ದು ಇರುತ್ತದೆ ಎಂದಿದ್ದ, ಹಾಗೇ ಮಾಡಿದ. ಆದರೆ ಇಡುವ ನಿಯಮ ಎಂದು ನಾವು ಕರೆಯುವುದು ನಿಜವಾಗಿ ಅಳಿಸುವ ನಿಯಮ ಎಂಬುದನ್ನು ಅಪ್ಪನಿಗೆ ಬಿಡಿಸಿ ಹೇಳಲಿಲ್ಲ. ಈ ಮಾತು ಹೇಳುವ ಯೋಗ್ಯತೆ ನನಗೂ ಅಷ್ಟಕ್ಕಷ್ಟೆ. ಬ್ಯಾಂಕೊಂದರ ಕಂಪ್ಯೂಟರ್ ಕೋಣೆಯಲ್ಲಿ ನಾನು ಟೇಪ್ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಅಂಗೈಯೊಳಗೆ ಹಿಡಿಸುವ ಕಾರ್ಟ್ರಿಜ್‌ಗಳಿದ್ದವು. ದಿನದ ಟೇಪಿಗೆ ಮಗ, ವಾರದ್ದಕ್ಕೆ ಅಪ್ಪ, ತಿಂಗಳದ್ದಕ್ಕೆ ಅಜ್ಜ ಎಂದು ಹೆಸರು. ಪ್ರಪಂಚದಾದ್ಯಂತ ಇದೇ ಪದ್ಧತಿ. ಮಗನನ್ನು ಮುಂದಿನ ವಾರ ತಿದ್ದಿ ಬರೆಯಬಹುದು, ಅಜ್ಜನನ್ನು ಮುಟ್ಟುವ ಹಾಗಿಲ್ಲ. ಒಂದು ಮಾರ್ಚಿಯಲ್ಲಿ ಹೊಸ ಕಾರ್ಟ್ರಿಜ್ ಇಂಡೆಂಟ್ ಹಾಕಿದರೂ ಬರಲಿಲ್ಲ. ಒಂದು ರಾತ್ರಿಗೆ ತಾನೆ ಎಂದು ಜನವರಿಯ ಅಜ್ಜನ ಮೇಲೆಯೇ ಬರೆದುಬಿಟ್ಟೆ. ಜೂನಿನಲ್ಲಿ ಆಡಿಟರು ಬಂದು ಕೇಳಿದ್ದು ಯಾವ ತಿಂಗಳು ಎಂದು ಹೇಳಬೇಕಾಗಿಲ್ಲ. ಛಾಪಿಸಿದ ಲೆಡ್ಜರ್ ಹಾಳೆ ಹರಡಿಕೊಂಡು ಮೂರು ರಾತ್ರಿ ಕೈಯಿಂದ ಹೊಡೆದಿದ್ದೇನೆ. ಆ ಕಾರ್ಟ್ರಿಜ್ ಮೇಲೆ ನಾನೇ ಕೆಂಪು ಶಾಯಿಯಲ್ಲಿ ‘ಜನವರಿ, ಮುಟ್ಟಬಾರದು’ ಎಂದು ಬರೆದಿದ್ದೆ.

ಈಗ ಮರಳಿ ಪಡೆಯುವ ಮಾತು. ಡಿಸ್ಕಿನಿಂದ ಬರುವ ಆಸೆ ಬಹಳ ಇಟ್ಟುಕೊಳ್ಳಬೇಡಿ. ನೀವು ಹುಡುಕುತ್ತಿರುವುದು ಮಳೆಗಾಲಕ್ಕಿಂತ ಹಿಂದಿನ ಮೂಟೆ. ಅದು ಅಳಿದ ಮೇಲೆ ಖಾಲಿಯಾದ ಜಾಗದ ಮೇಲೆ ರಾತ್ರಿಗೆ 105 ಜಿಬಿಯಂತೆ ಎಷ್ಟೋ ಸುತ್ತು ಬರೆದಾಗಿದೆ. ಮನಸ್ಸು ಕೇಳದಿದ್ದರೆ ಮಗ ಬಂದಾಗ ಆ ಡಿಸ್ಕನ್ನು ಬೇರೆ ಯಂತ್ರಕ್ಕೆ ಓದಲು ಮಾತ್ರ ಹಚ್ಚಿ, ಡಿಡಿರೆಸ್ಕ್ಯೂನಿಂದ ಇನ್ನೊಂದು ಡಿಸ್ಕಿಗೆ ಪಡಿಯಚ್ಚು ತೆಗೆದು, ಆ ಪಡಿಯಚ್ಚಿನ ಮೇಲೆ ಫೋಟೋರೆಕ್ ಓಡಿಸಲಿ. ಹೆಸರು ಫೋಟೋ ಎಂದಿದ್ದರೂ ಅದು ವೇವ್ ಫೈಲುಗಳನ್ನೂ ಹುಡುಕುತ್ತದೆ. ಮೂಲ ಡಿಸ್ಕಿನ ಮೇಲೆ ಯಾವ ಪ್ರಯೋಗವೂ ಬೇಡ.

ನನಗೆ ಹೆಚ್ಚು ನಂಬಿಕೆ ಇರುವುದು ಬೇರೆ ಮೂರು ಕಡೆ. ಕ್ಯಾಸೆಟ್ ಇಳಿಸಿದ ಕಂಪ್ಯೂಟರ್ ಇನ್ನೂ ಇದೆಯೇ? ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಇಳಿಸಿದ್ದರೆ ಅದು ರಫ್ತು ಮಾಡಿದ ವೇವ್ ಬೇರೆ, ತನ್ನ ಪ್ರಾಜೆಕ್ಟ್ ಫೈಲು ಬೇರೆ ಇಟ್ಟಿರುತ್ತದೆ. 2021ರ ಮೂರನೇ ಆವೃತ್ತಿಯಿಂದೀಚೆಗೆ ಅದರ ಹೆಸರು ‘ಎಯುಪಿ3’ ಎಂದು ಕೊನೆಯಾಗುತ್ತದೆ, ಅದರೊಳಗೆ ಧ್ವನಿ ಪೂರ್ತಿ ಇರುತ್ತದೆ. ಹಳೆಯ ಆವೃತ್ತಿಯಾದರೆ ‘ಡೇಟಾ’ ಎಂದು ಮುಗಿಯುವ ಫೋಲ್ಡರ್ ಹುಡುಕಿ. ಅಳಿಯಂದಿರು ಕೈ ಹಾಕಿದ್ದು ರಫ್ತಾದ ವೇವಿಗೆ ಎಂದು ನಿಮ್ಮ ಪತ್ರದಿಂದ ತೋರುತ್ತದೆ. ಎರಡನೆಯದು ನೆಂಟರಿಷ್ಟರು. ತಾಳಮದ್ದಲೆಯ ಮನೆಯಿಂದ ಒಂದಾದರೂ ಪೆನ್‌ಡ್ರೈವ್ ಯಾರದೋ ಜೇಬಿಗೆ ಹೋಗದೇ ಇರುವುದಿಲ್ಲ. ಯಲ್ಲಾಪುರ, ಸಿದ್ದಾಪುರಕ್ಕೆಲ್ಲ ಒಂದೊಂದು ಫೋನ್ ಮಾಡಿ. ಮೂರನೆಯದು ಕ್ಯಾಸೆಟ್ಟುಗಳೇ. ಇಳಿಸಿಯಾಯಿತಲ್ಲ ಎಂದು ಎಸೆದಿಲ್ಲವಷ್ಟೆ? ಇದ್ದರೆ 165 ಗಂಟೆಗಳ ಕೆಲಸ, ದಿನಕ್ಕೆ ಎರಡರಂತೆ 55 ದಿನ. ನಿಮ್ಮ ಕಡೆಯ ಮಳೆಗೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಅಂಥದ್ದನ್ನು ಡೆಕ್ಕಿಗೆ ಹಾಕಬೇಡಿ. ಬೂಷ್ಟು ಹೆಡ್ಡಿಗೆ ಮೆತ್ತಿ ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ.

ಶ್ರುತಿ ಎಲ್ಲಿ ಹೋಯಿತು ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಅಳಿಯಂದಿರು ಇನ್ನೊಮ್ಮೆ ಬರುತ್ತಾರೆ. ಆ ಸಾಧನ ಮೊದಲು ‘ಬರೀ ಗದ್ದಲ ಇರುವ ಒಂದು ತುಣುಕು ತೋರಿಸು’ ಎನ್ನುತ್ತದೆ. ತೋರಿಸಿದ ತುಣುಕಿನಲ್ಲಿ ಯಾವ್ಯಾವ ಸ್ವರ ಎಷ್ಟೆಷ್ಟು ಇದೆಯೋ ಅಷ್ಟನ್ನು ಇಡೀ ಫೈಲಿನಿಂದ ಕಳೆಯುತ್ತದೆ. ಎಲ್ಲರೂ ತೋರಿಸುವುದು ಮಾತು ಶುರುವಾಗುವ ಮೊದಲಿನ ನಾಲ್ಕೈದು ಸೆಕೆಂಡು. ಸಿನಿಮಾ ಹಾಡಿಗೆ ಅದು ಸರಿ. ತಾಳಮದ್ದಲೆಯಲ್ಲಿ ಭಾಗವತರು ಬಾಯಿ ತೆರೆಯುವ ಮೊದಲೇ ಶ್ರುತಿಪೆಟ್ಟಿಗೆ ತೆರೆದಿರುತ್ತದೆಯಲ್ಲ! ಟೇಪಿನ ಸುಂಯ್ ಜೊತೆಗೆ ಆಧಾರ ಷಡ್ಜವೂ ಗದ್ದಲದ ಪಟ್ಟಿಗೆ ಸೇರಿತು. ಪ್ರಸಂಗ ಮುಗಿಯುವ ತನಕ ಆ ಸ್ವರ ಬಂದಲ್ಲೆಲ್ಲ ಕತ್ತರಿ. ಮದ್ದಲೆಯ ನಾದವನ್ನೂ ಶ್ರುತಿಗೇ ಕೂರಿಸಿರುವುದರಿಂದ ಅದರ ದನಿಯೂ ಜೊತೆಗೇ ಹೋಯಿತು. ಹೀಗೆ ಕಳೆದದ್ದನ್ನು ಮತ್ತೆ ಕೂಡಿಸಲು ಬರುವುದಿಲ್ಲ. ನನ್ನನ್ನು ಕೇಳಿದರೆ ಆ ಸುಂಯ್ ಹಾಗೇ ಇರಲಿ. ಅಪ್ಪಯ್ಯನ ಟೇಪ್ ರೆಕಾರ್ಡರಿನ ಸದ್ದು ಅದು.

ಮುಂದೆ ಏನು ಮಾಡಬೇಕು? ಬದಲಾಗದ 105 ಜಿಬಿಯನ್ನು ದಿನಾ ರಾತ್ರಿ ಹೊಸದಾಗಿ ಮೂಟೆ ಕಟ್ಟುವುದೇ ದಂಡ. ವೇವನ್ನು ಫ್ಲ್ಯಾಕ್ ಮಾಡಿಸಿ. ಒಂದು ಎಳೆಯೂ ಹೋಗದೆ ಗಾತ್ರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೂಲ ಧ್ವನಿಯ ಬೆರಳಚ್ಚು ಫೈಲಿನೊಳಗೇ ಇರುವುದರಿಂದ, ಕೂತಲ್ಲೇ ಕೆಟ್ಟುಹೋಗಿದೆಯೇ ಎಂದು ಪರೀಕ್ಷಿಸಿ ನೋಡಬಹುದು. ಟಾರಿನ ಬದಲು ಬೋರ್ಗ್ ಅಥವಾ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಹಾಕಲು ಮಗನಿಗೆ ಹೇಳಿ. ಅವು ಬದಲಾಗದ ಭಾಗವನ್ನು ಒಮ್ಮೆ ಮಾತ್ರ ಇಡುತ್ತವೆ, ಆಗ ಇದೇ ಡಿಸ್ಕಿನಲ್ಲಿ ವರ್ಷಗಟ್ಟಲೆ ತಿಂಗಳುಗಳು ಹಿಡಿಸುತ್ತವೆ. ಆದರೆ ಬೋರ್ಗ್‌ನಲ್ಲೂ ‘ಪ್ರೂನ್’ ಎಂಬ ಕತ್ತರಿ ಉಂಟು. ಮನೆಯ ಎರಡು ಕಂಪ್ಯೂಟರುಗಳು ಒಂದೇ ಕಣಜಕ್ಕೆ ಬ್ಯಾಕಪ್ ಹಾಕುತ್ತಿದ್ದು, ಯಾರದು ಎಂಬ ಹೆಸರಿನ ಸೋಸಣಿಗೆ ಇಲ್ಲದೆ ಪ್ರೂನ್ ಓಡಿಸಿದರೆ ಅದು ಎಲ್ಲವನ್ನೂ ಒಂದೇ ರಾಶಿ ಎಂದು ತಿಳಿಯುತ್ತದೆ. ‘ದಿನಕ್ಕೊಂದು ಇಡು’ ಎಂದರೆ ಆ ದಿನದ ಕೊನೆಯದನ್ನು ಮಾತ್ರ ಇಡುತ್ತದೆ. ಸೊಸೆಯ ಲ್ಯಾಪ್‌ಟಾಪ್ ರಾತ್ರಿ ಹತ್ತಕ್ಕೆ ಹಾಕಿದ್ದು ಉಳಿದು, ನಿಮ್ಮದು ಬೆಳಗಿನ ಜಾವ ಎರಡಕ್ಕೆ ಹಾಕಿದ್ದು ಹೋಗುತ್ತದೆ. ಇದೂ ನಿಮ್ಮ ‘ಕಾಯಂ’ ಕಥೆಯೇ, ಊರು ಬೇರೆ.

ಬೋರ್ಗ್ ಬರುವ ತನಕ ಸ್ಕ್ರಿಪ್ಟಿನಲ್ಲಿ ಎರಡು ರಿಪೇರಿ. ಫೈಂಡ್ ಸಾಲಿಗೆ ‘ಮ್ಯಾಕ್ಸ್‌ಡೆಪ್ತ್ 1’ ಸೇರಿಸಿದರೆ ಅದು ಹೊರಗಿನ ಫೋಲ್ಡರಿಗೇ ನಿಲ್ಲುತ್ತದೆ. ಎರಡನೆಯದು ಇನ್ನೂ ಮುಖ್ಯ: ಮೂಟೆ ಕಟ್ಟುವ ಸಾಲು ಸೋತರೂ ಅಳಿಸುವ ಸಾಲು ಓಡುವ ಹಾಗೆ ಈಗ ಬರೆದಿದೆ. ಕಟ್ಟುವ ಕೆಲಸ ಯಾವುದೋ ಕಾರಣಕ್ಕೆ ನಿಂತುಹೋಗಿದ್ದರೆ ಅಳಿಸುವ ಕೆಲಸ ಮಾತ್ರ ದಿನಾ ನಡೆದು, ಒಂದು ತಿಂಗಳ ನಂತರ ಬ್ಯಾಕಪ್ ಫೋಲ್ಡರ್ ಪೂರಾ ಖಾಲಿ. ಕಟ್ಟಿದ್ದು ಗೆದ್ದರೆ ಮಾತ್ರ ಅಳಿಸು ಎಂದು ಎರಡು ಸಾಲನ್ನೂ ಗಂಟು ಹಾಕಿಸಿ. ಸದ್ದಿಲ್ಲದೆ ನಿಂತುಹೋಗುವುದು ನಮ್ಮ ನಿಮ್ಮ ಮನೆಯ ಕಾಯಿಲೆಯಷ್ಟೇ ಅಲ್ಲ. 2017ರ ಜನವರಿ 31ರಂದು ಪ್ರೋಗ್ರಾಮರುಗಳ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ತಪ್ಪು ಸರ್ವರಿನ ಡೇಟಾಬೇಸ್ ಅಳಿಸಿಹೋಯಿತು. ಹುಡುಕಿದರೆ ದಿನದ ಬ್ಯಾಕಪ್ಪೇ ಆಗುತ್ತಿರಲಿಲ್ಲ, ಆಗುತ್ತಿಲ್ಲ ಎಂದು ತಿಳಿಸಬೇಕಾದ ಈಮೇಲುಗಳೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆ ಮುಂಚೆ ಒಬ್ಬರು ಬೇರೆ ಕೆಲಸಕ್ಕೆಂದು ಕೈಯಾರೆ ತೆಗೆದಿಟ್ಟ ನಕಲು ಅವರನ್ನು ಉಳಿಸಿತು.

ಮತ್ತೆ ‘ಕಾಯಂ’ ಮಾಡುವುದಾದರೆ ಅದು ಬ್ಯಾಕಪ್ ಫೋಲ್ಡರಿನ ಹೊರಗಿರಲಿ. ಒಳಗಿಟ್ಟ ಫೈಲಿಗೆ ‘ಚ್ಯಾಟರ್ ಪ್ಲಸ್ ಐ’ ಎಂಬ ಬೀಗ ಜಡಿಯಲು ಮಗನಿಂದ ಕಲಿತುಕೊಳ್ಳಿ. ಲಿನಕ್ಸಿನ ಇಎಕ್ಸ್‌ಟಿ4 ಡಿಸ್ಕಿನಲ್ಲಿ ಆ ಬೀಗ ತೆಗೆಯದೆ ಯಜಮಾನ ರೂಟ್‌ಗೂ ಅಳಿಸಲು ಬಾರದು. ಆರು ತಿಂಗಳಿಗೊಮ್ಮೆ ಒಂದು ಪೋರ್ಟಬಲ್ ಡಿಸ್ಕಿಗೆ ನಕಲು ಮಾಡಿ, ವೈರು ಕಿತ್ತು, ಒಣಗಿದ ಕಪಾಟಿನಲ್ಲಿಡಿ. ಕಿತ್ತಿಟ್ಟ ಡಿಸ್ಕಿನ ತನಕ ಯಾವ ಫೈಂಡೂ ಬರುವುದಿಲ್ಲ. ಇಟ್ಟ ದಿನ ಒಂದು ಕ್ಯಾಸೆಟ್ಟನ್ನು ಅದರಿಂದಲೇ ಹಾಕಿ, ಶ್ರುತಿ ಕೇಳುತ್ತದೆಯೇ ನೋಡಿ.

ಎಯುಪಿ3 ಸಿಕ್ಕಿತೋ ಇಲ್ಲವೋ ಒಂದು ಸಾಲು ಬರೆಯಿರಿ.

ಪ್ರಶ್ನೆ: ನನ್ನ ಮ್ಯಾಕ್ ಟೈಮ್ ಮೆಷೀನ್‌ನಲ್ಲಿ ಹೋದ ವರ್ಷದ ಬ್ಯಾಕಪ್‌ಗಳು ಕಾಣುತ್ತಿಲ್ಲ. ಮಗಳ ಮದುವೆ ವಿಡಿಯೋ ಕಾಪಿ ಮಾಡಿದ ಮೇಲೆ ಹೀಗಾಗಿದೆ. ಏನೂ ಕೇಳದೆ ಅಳಿಸಬಹುದೇ? — ಮೈಸೂರಿನ ಓದುಗರು

ಉತ್ತರ: ಅಳಿಸುತ್ತದೆ. ಹಿಂದಿನ 24 ಗಂಟೆಗೆ ಗಂಟೆಗೊಂದು, ಹಿಂದಿನ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದು ಇಡುತ್ತದೆ. ಡಿಸ್ಕ್ ತುಂಬಿದರೆ ಅತಿ ಹಳೆಯದರಿಂದ ತೆಗೆಯುತ್ತ ಬರುತ್ತದೆ. ಮದುವೆ ವಿಡಿಯೋಕ್ಕೆ ಜಾಗ ಮಾಡಿಕೊಟ್ಟದ್ದು ಹೋದ ವರ್ಷ. ವಿಡಿಯೋಕ್ಕೆ ಬೇರೆ ಡಿಸ್ಕ್ ಕೊಳ್ಳಿ, ಅದನ್ನು ಟೈಮ್ ಮೆಷೀನ್ ಸೆಟ್ಟಿಂಗ್‌ನಲ್ಲಿ ಹೊರಗಿಡುವ ಪಟ್ಟಿಗೆ ಸೇರಿಸಿ.

ಪ್ರಶ್ನೆ: ಕರೆಂಟು ಹೋಗಿ ಬಂದಾಗಲೆಲ್ಲ ನಮ್ಮ ಮನೆಯ ಸರ್ವರಿನ ತಾರೀಖು 2010ಕ್ಕೆ ಹೋಗುತ್ತದೆ. ನೆಟ್ ಬಂದ ಮೇಲೆ ತಾನೇ ಸರಿಯಾಗುತ್ತದೆ. ಹಾಗೇ ಬಿಟ್ಟರೆ ತೊಂದರೆಯೇ? — ಹಾಸನ ಜಿಲ್ಲೆಯ ಓದುಗರು

ಉತ್ತರ: ಶಿರಸಿಯವರ ಪ್ರಶ್ನೆಯ ಪಕ್ಕದಲ್ಲೇ ನಿಮ್ಮ ಪತ್ರ ಬಂದದ್ದು ಒಳ್ಳೆಯದಾಯಿತು. ನೆಟ್ ಇಲ್ಲದ ರಾತ್ರಿ ನಿಮ್ಮ ಯಂತ್ರ ಮಾಡುವ ಬ್ಯಾಕಪ್ಪಿನ ಮೇಲೆ 2010ರ ಮುದ್ರೆ ಬೀಳುತ್ತದೆ. ಮರುದಿನ ತಾರೀಖು ಸರಿಯಾದಾಗ, ನಿನ್ನೆ ಹುಟ್ಟಿದ ಕೂಸು ಒಂದೇ ರಾತ್ರಿಗೆ ಮುದುಕನಾಗಿರುತ್ತದೆ. 30 ದಿನ ದಾಟಿದ್ದನ್ನು ಅಳಿಸು ಎಂಬ ಸಾಲು ನಿಮ್ಮಲ್ಲೂ ಇದ್ದರೆ ಮೊದಲು ಹೋಗುವುದು ಅದೇ.

ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು 3 ವೋಲ್ಟ್ ಸೆಲ್ ಇದೆ, ಅದು ಖಾಲಿಯಾಗಿದೆ. ಪ್ಲಗ್ ಕಿತ್ತು, ಕ್ಲಿಪ್ಪನ್ನು ಉಗುರಿನಿಂದ ಪಕ್ಕಕ್ಕೆ ಒತ್ತಿದರೆ ಮೇಲೇಳುತ್ತದೆ. ಅದರ ಬೆನ್ನಿನ ಮೇಲಿನ ಬರಹ ಓದಿಕೊಂಡು ಹೋಗಿ, ಬಹುಮಟ್ಟಿಗೆ ಸಿಆರ್ 2032 ಇರುತ್ತದೆ. ಅಂಗಡಿಯವರು 2025 ಕೊಟ್ಟಾರು. ಅಗಲ ಎರಡರದ್ದೂ ಒಂದೇ, ದಪ್ಪ ಮಾತ್ರ ಕಡಿಮೆ; ಕೂತ ಹಾಗೆ ಕಂಡರೂ ಸಡಿಲವಾಗಿ, ಮುಂದಿನ ಕರೆಂಟು ಹೋದಾಗ ಮತ್ತೆ ನನಗೇ ಪತ್ರ ಬರೆಯುತ್ತೀರಿ.